ಲಿಫ್ಟ್ ಮಾಡಿಸಿದ ಜಿಮ್ನಿ: ಮುಂದಿನ ಸ್ಪ್ರಿಂಗ್ ಕಡೆಯಿಂದ ‘ಟಂಗ್’ ಅನ್ನೋ ಸದ್ದು, ಯಾರಿಗಾದರೂ ಅನುಭವ ಇದೆಯಾ?

ತೋಟದ ದಾರಿ · ಮೂಡಿಗೆರೆ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನನ್ನದು 2023ರ ಮಾರುತಿ ಸುಜುಕಿ ಜಿಮ್ನಿ, ಮ್ಯಾನ್ಯುವಲ್ ಗೇರ್. ತೋಟದ ಕೆಲಸಕ್ಕೆ ಅಂತಲೇ ತಗೊಂಡಿದ್ದು. ಮನೆಯಿಂದ ಮೇಲಿನ ತೋಟಕ್ಕೆ ಹೋಗುವ ದಾರಿ ಮಳೆಗಾಲದಲ್ಲಿ ಕೊರೆದುಹೋಗಿ ನಡುವೆ ದಿಬ್ಬ ಎದ್ದಿರುತ್ತದೆ. ಐದು ಬಾಗಿಲಿನ ಗಾಡಿ ಉದ್ದ ಜಾಸ್ತಿ, ಹೊಟ್ಟೆ ತಾಗುತ್ತಿತ್ತು. ಅದಕ್ಕೇ ಮೂರು ತಿಂಗಳ ಹಿಂದೆ ಗಾಡಿ ಎತ್ತರಿಸುವ 2 ಇಂಚಿನ ಲಿಫ್ಟ್ ಕಿಟ್ ಹಾಕಿಸಿದೆ. ನಾಲ್ಕು ಸ್ಪ್ರಿಂಗ್, ನಾಲ್ಕು ಉದ್ದದ ಶಾಕ್ ಅಬ್ಸಾರ್ಬರ್. ಬೇರೇನೂ ಬದಲಾಯಿಸಿಲ್ಲ.

ಹದಿನೈದು ದಿನ ಚೆನ್ನಾಗಿತ್ತು. ಆಮೇಲೆ ಸದ್ದು ಶುರು. ಗೇಟಿನ ಹತ್ತಿರ ಒಂದು ಚರಂಡಿ ಇದೆ, ಅದನ್ನು ಓರೆಯಾಗಿ ದಾಟುವಾಗ ಮುಂದಿನ ಎಡಗಡೆಯಿಂದ ‘ಟಂಗ್’ ಅನ್ನುತ್ತದೆ. ದೇವಸ್ಥಾನದ ಗಂಟೆಗೆ ಸುತ್ತಿಗೆಯಲ್ಲಿ ಮೆಲ್ಲಗೆ ಹೊಡೆದ ಹಾಗೆ. ಅಂಗಳದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸುವಾಗಲೂ ಸದ್ದು ಬರುತ್ತದೆ. ಅಮ್ಮ ಅಡುಗೆಮನೆಯಲ್ಲೇ ಕೂತು ‘ಗಾಡಿ ಬಂತು’ ಅಂತ ಹೇಳುವಷ್ಟು.

ಹಾಕಿಕೊಟ್ಟವರನ್ನು ಕೇಳಿದೆ. ‘ಹೊಸ ಸ್ಪ್ರಿಂಗ್, ಸೆಟ್ ಆಗಬೇಕು, ಸಾವಿರ ಕಿಲೋಮೀಟರ್ ಓಡಿಸಿ’ ಅಂದರು. ಈಗ 2,400 ಕಿ.ಮೀ. ಆಗಿದೆ. ಮತ್ತೆ ಹೋದರೆ ‘ಎರಡೂ ಮುಂದಿನ ಸ್ಪ್ರಿಂಗ್ ಬದಲಾಯಿಸಿ ನೋಡೋಣ’ ಅಂತಾರೆ. ದುಡ್ಡು ನಾನೇ ಕೊಡಬೇಕಂತೆ. ಕೊಡಲೋ ಬೇಡವೋ?

ಗ್ಯಾರೇಜ್ ಮೂಲೆ · ಹಾಸನ · ಭಾನುವಾರ ರಾತ್ರಿ

ಸರ್, ಈಗಲೇ ಏನೂ ತಗೋಬೇಡಿ. ಒಂದು ಪ್ರಶ್ನೆ. ಚರಂಡಿ ದಾಟುವಾಗ ಬರುವ ಸದ್ದು, ಸ್ಟೀರಿಂಗ್ ತಿರುಗಿಸುವಾಗ ಬರುವ ಸದ್ದು, ಎರಡೂ ಒಂದೇನಾ? ನಿಂತು ಕೇಳಿ ಹೇಳಿ.

ಯಾಕೆ ಕೇಳ್ತಿದೀನಿ ಅಂದ್ರೆ, ಮಾಮೂಲಿ ಕಾರುಗಳಲ್ಲಿ ಸ್ಪ್ರಿಂಗ್ ಕೂರುವುದು ಸ್ಟ್ರಟ್ ಮೇಲೆ, ಅಂದ್ರೆ ಶಾಕ್ ಅಬ್ಸಾರ್ಬರ್ ಇರುವ ಕಂಬದ ಮೇಲೆ. ಚಕ್ರ ತಿರುಗಿದರೆ ಸ್ಟ್ರಟ್ ಕೂಡ ತಿರುಗುತ್ತದೆ, ಜೊತೆಗೆ ಸ್ಪ್ರಿಂಗೂ ತಿರುಗುತ್ತದೆ. ಮೇಲಿನ ಬೇರಿಂಗ್ ಹೋಗಿದ್ದರೆ ಸ್ಪ್ರಿಂಗ್ ಸಿಕ್ಕಿಕೊಂಡು ‘ಟಂಗ್’ ಅಂತ ಬಿಡಿಸಿಕೊಳ್ಳುತ್ತದೆ. ಜಿಮ್ನಿ ಹಾಗಲ್ಲ. ಮುಂದೆ, ಹಿಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ಅಂದ್ರೆ ಎರಡು ಚಕ್ರ ಜೋಡಿಸುವ ಒಂದೇ ಅಚ್ಚು. ಸ್ಪ್ರಿಂಗ್ ಆಕ್ಸಲ್ ಮೇಲೆ ಕೂತಿರುತ್ತದೆ. ಸ್ಟೀರಿಂಗ್ ತಿರುಗಿಸಿದರೆ ಆಕ್ಸಲ್‌ನ ತುದಿಯಲ್ಲಿ ಚಕ್ರ ಹಿಡಿದಿರುವ ನಕಲ್ (ತಿರುಗುವ ಗಂಟು) ಮಾತ್ರ ತಿರುಗುತ್ತದೆ, ಸ್ಪ್ರಿಂಗ್ ಇದ್ದ ಜಾಗದಲ್ಲೇ ಇರುತ್ತದೆ. ಹಾಗಾಗಿ ನಿಂತ ಗಾಡಿಯಲ್ಲಿ ಸ್ಟೀರಿಂಗ್ ತಿರುಗಿಸಿದಾಗ ಬರುವ ಸದ್ದಿಗೆ ಸ್ಪ್ರಿಂಗನ್ನು ಬೈದು ಪ್ರಯೋಜನವಿಲ್ಲ. ಬೇರೆ ಏನೋ ಇದೆ.

ಹಳೇ ಜಿಪ್ಸಿ · ಬೆಂಗಳೂರು · ಸೋಮವಾರ ಬೆಳಿಗ್ಗೆ

ಗ್ಯಾರೇಜ್ ಮೂಲೆಯವರು ಹೇಳಿದ್ದು ನೂರಕ್ಕೆ ನೂರು ಸರಿ. ನನ್ನ ಸ್ನೇಹಿತರ ಜಿಮ್ನಿಯಲ್ಲಿ ಇದೇ ಕಥೆ. ಸ್ಪ್ರಿಂಗ್ ಬದಲಾಯಿಸಿದರು, ಸದ್ದು ಹೋಗಲಿಲ್ಲ. ಶಾಕ್ ಬದಲಾಯಿಸಿದರು, ಹೋಗಲಿಲ್ಲ. ಕೊನೆಗೆ ಸಿಕ್ಕಿದ್ದು ಪ್ಯಾನ್‌ಹಾರ್ಡ್ ರಾಡ್‌ನ ಬೋಲ್ಟ್. ಸುಜುಕಿಯವರು ಲ್ಯಾಟರಲ್ ರಾಡ್ ಅಂತಾರೆ. ಆಕ್ಸಲ್ ಅಕ್ಕಪಕ್ಕ ಜಾರದ ಹಾಗೆ ಚಾಸಿಗೆ (ಗಾಡಿಯ ಕಬ್ಬಿಣದ ಚೌಕಟ್ಟಿಗೆ) ಹಿಡಿದಿಡುವ ಅಡ್ಡ ಕಂಬಿ ಅದು. ಲಿಫ್ಟ್ ಹಾಕುವಾಗ ಅದರ ಬೋಲ್ಟ್ ಬಿಚ್ಚುತ್ತಾರೆ. ವಾಪಸ್ ಹಾಕುವಾಗ ಸರಿಯಾಗಿ ಬಿಗಿ ಮಾಡದೆ ಬಿಟ್ಟರೆ, ಪ್ರತಿ ಸಲ ಸ್ಟೀರಿಂಗ್ ಎಳೆದಾಗಲೂ ಆಕ್ಸಲ್ ಕೂದಲೆಳೆಯಷ್ಟು ಜರುಗಿ ‘ಟಕ್’ ಅನ್ನುತ್ತದೆ. ನಮ್ಮವರದ್ದು ಓಡಿಸೀ ಓಡಿಸೀ ಬ್ರಾಕೆಟ್‌ನ ತೂತು ಮೊಟ್ಟೆಯ ಆಕಾರಕ್ಕೆ ಬಂದಿತ್ತು. ಅಷ್ಟಾದ ಮೇಲೆ ಬೋಲ್ಟ್ ಎಷ್ಟು ಬಿಗಿ ಮಾಡಿದರೂ ನಿಲ್ಲಲ್ಲ, ವಾಷರ್ ವೆಲ್ಡ್ ಮಾಡಿಸಬೇಕಾಯಿತು. ಹಾಗಾಗಿ ತಡ ಮಾಡಬೇಡಿ.

ತೋಟದ ದಾರಿ · ಮೂಡಿಗೆರೆ · ಸೋಮವಾರ ಸಂಜೆ

ಇವತ್ತು ಕೂತು ಕೇಳಿದೆ. ನೀವು ಹೇಳಿದ್ದು ಸರಿ ಸರ್, ಎರಡು ಬೇರೆ ಬೇರೆ ಸದ್ದು! ಇಷ್ಟು ದಿನ ಒಂದೇ ಅಂದುಕೊಂಡಿದ್ದೆ. ಸ್ಟೀರಿಂಗ್‌ದು ‘ಟಕ್’, ಒಣ ಸದ್ದು. ಚರಂಡಿಯದ್ದು ‘ಟಂಗ್’, ಸ್ವಲ್ಪ ಹೊತ್ತು ಗುಂಯ್ ಅನ್ನುತ್ತದೆ. ಹೇಗೆ ಹುಡುಕಲಿ? ಇಲ್ಲಿ ಲಿಫ್ಟ್ ಕೆಲಸ ಗೊತ್ತಿರುವವರು ಇಲ್ಲ. ನಾನು ಮತ್ತು ನಮ್ಮ ತೋಟದ ಡ್ರೈವರ್, ಇಬ್ಬರೇ.

ಗ್ಯಾರೇಜ್ ಮೂಲೆ · ಹಾಸನ · ಸೋಮವಾರ ರಾತ್ರಿ

ಇಬ್ಬರು ಸಾಕು. ಮೊದಲು ‘ಟಕ್’ ಹಿಡಿಯೋಣ, ಅದು ಸುಲಭ.

ಗಾಡಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಜಾಕ್ ಬೇಡ, ನಾಲ್ಕೂ ಚಕ್ರ ನೆಲದ ಮೇಲೇ ಇರಲಿ. ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ, ಗೇರ್ ನ್ಯೂಟ್ರಲ್‌ನಲ್ಲಿರಲಿ. ಡ್ರೈವರ್ ಇಂಜಿನ್ ಆನ್ ಇಟ್ಟು ಸ್ಟೀರಿಂಗನ್ನು ಗಡಿಯಾರದ 11ರಿಂದ 1ರವರೆಗೆ ಅಷ್ಟೇ ಅತ್ತಿತ್ತ ಆಡಿಸಲಿ. ಪೂರ್ತಿ ತಿರುಗಿಸುವುದು ಬೇಡ. ನೀವು ಮುಂದಿನಿಂದ ಬಗ್ಗಿ ಒಂದೊಂದೇ ಜಾಯಿಂಟ್ ಮೇಲೆ ಅಂಗೈ ಇಡಿ. ಪ್ಯಾನ್‌ಹಾರ್ಡ್ ರಾಡ್‌ನ ಎರಡು ತುದಿ, ಡ್ರ್ಯಾಗ್ ಲಿಂಕ್‌ನ (ಸ್ಟೀರಿಂಗ್ ಬಾಕ್ಸಿನಿಂದ ಚಕ್ರದ ಕಡೆಗೆ ಹೋಗುವ ಕಂಬಿ) ಎರಡು ತುದಿ, ಸ್ಟೀರಿಂಗ್ ಬಾಕ್ಸ್ ಚಾಸಿಗೆ ಕೂರುವ ಜಾಗ. ಲೂಸ್ ಇರುವ ಜಾಗದಲ್ಲಿ ಸದ್ದು ಕಿವಿಗಿಂತ ಮೊದಲು ಕೈಗೆ ತಟ್ಟುತ್ತದೆ. ಕಿವಿ ಮೋಸ ಮಾಡುತ್ತದೆ, ಯಾಕೆಂದರೆ ಚಾಸಿ ಪೂರ್ತಿ ಕಬ್ಬಿಣ, ಬಲಗಡೆಯ ಸದ್ದು ಎಡಗಡೆ ಕೇಳಿಸುವುದು ಮಾಮೂಲು. ಕೈ ಮೋಸ ಮಾಡಲ್ಲ. ಹೊರಗಿನಿಂದ ಬೋಲ್ಟ್ ತಲೆಯ ಮೇಲೆ ಮಾತ್ರ ಕೈ ಇಡಿ. ಸ್ಪ್ರಿಂಗ್ ಸುತ್ತಿನ ನಡುವೆ, ಬ್ರಾಕೆಟ್ ಸಂದಿಯಲ್ಲಿ ಬೆರಳು ಹಾಕಲೇಬೇಡಿ. ಫ್ಯಾನ್ ಬೆಲ್ಟ್ ಕಡೆ ಗಮನ ಇರಲಿ.

ಇನ್ನೊಂದು ಗುರುತು. ಬೋಲ್ಟ್ ಸುತ್ತ ಕೆಂಪು ಪುಡಿ, ಕುಂಕುಮದ ಹಾಗೆ ಕೂತಿದೆಯಾ ನೋಡಿ. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದರೆ ಆ ಪುಡಿ ಬರುತ್ತದೆ. ಸುಮ್ನೆ ತುಕ್ಕು ಹಿಡಿದಿದ್ದರೆ ಪದರದ ಹಾಗೆ ಅಂಟಿರುತ್ತದೆ, ಹೀಗೆ ಪುಡಿ ಉದುರಲ್ಲ.

ಕೊಡಚಾದ್ರಿ ಜೀಪು · ನಿಟ್ಟೂರು · ಸೋಮವಾರ ರಾತ್ರಿ

ನಮ್ಮದು ಪಟ್ಟಿ ಪಟ್ಟಿಯ ಪ್ಲೇಟ್ ಸ್ಪ್ರಿಂಗಿನ ಹಳೇ ಜೀಪು ಮಾರಾಯ್ರೇ, ನಿಮ್ಮ ಸುರುಳಿ ಸ್ಪ್ರಿಂಗ್ ಅಲ್ಲ. ಆದರೂ ಹೇಳ್ತೇನೆ. ಹದಿನೆಂಟು ವರ್ಷದಿಂದ ಕೊಡಚಾದ್ರಿಗೆ ಜನ ಹತ್ತಿಸ್ತಾ ಇದ್ದೇನೆ. ಆ ಕಲ್ಲಿನ ದಾರಿಯಲ್ಲಿ ಜೀಪು ಮಾತಾಡ್ತಾನೇ ಇರ್ತದೆ. ಯಾವ ಮಾತು ಮಾಮೂಲು, ಯಾವುದು ಅಪಾಯ ಅಂತ ಗೊತ್ತಿರಬೇಕು.

ಪ್ಲೇಟಿನ ನಡುವೆ ಕೀಚ್ ಕೀಚ್ ಅಂದರೆ ಹೆದರಿಕೆ ಇಲ್ಲ, ಒಣಗಿದೆ ಅಂತ ಅರ್ಥ. ಪ್ಲೇಟಿನ ತುದಿ ಹಿಡಿಯುವ ಶ್ಯಾಕಲ್ ಪಿನ್ ಸವೆದರೆ ಚಳ್ ಚಳ್ ಅಂತದೆ. ಆದರೆ ಬ್ರೇಕ್ ಹಾಕುವಾಗ ಒಂದೇ ಸಲ ‘ಧಡ್’ ಅಂದು, ಗಾಡಿ ಒಂದು ಬದಿಗೆ ಎಳೆದರೆ ಅಲ್ಲೇ ನಿಲ್ಲಿಸಬೇಕು. ಪ್ಲೇಟುಗಳನ್ನು ನಡುವೆ ಹಿಡಿಯುವ ಸೆಂಟರ್ ಬೋಲ್ಟ್ ತುಂಡಾಗಿರ್ತದೆ. ಆಕ್ಸಲ್ ಹಿಂದೆ ಮುಂದೆ ಜಾರ್ತದೆ. ನನಗೆ ಒಮ್ಮೆ ಇಳಿಜಾರಿನಲ್ಲಿ ಆಗಿದೆ, ಗಾಡಿ ತುಂಬ ಜನ ಇದ್ದರು. ಎಲ್ಲರನ್ನೂ ಇಳಿಸಿ ನಡೆಸಿಕೊಂಡೇ ಕೆಳಗೆ ಕರೆದುಕೊಂಡು ಬಂದೆ. ಅವತ್ತಿನಿಂದ ಪ್ಲೇಟನ್ನು ಆಕ್ಸಲಿಗೆ ಕಟ್ಟುವ ಯು ಬೋಲ್ಟ್ ಬಿಚ್ಚಿದರೆ ಹಳೇದು ವಾಪಸ್ ಹಾಕೋದಿಲ್ಲ. ಹೊಸದೇ ಹಾಕಿ, 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಸ್ಪ್ಯಾನರ್ ಕೊಡ್ತೇನೆ.

ಕೀಚ್ ಸದ್ದಿಗೆ ನಾವು ವೇಸ್ಟ್ ಆಯಿಲ್ ಹಚ್ಚೋದು. ನೀವೂ ಸ್ವಲ್ಪ ಹಚ್ಚಿ ನೋಡಿ.

ಹಳೇ ಜಿಪ್ಸಿ · ಬೆಂಗಳೂರು · ಮಂಗಳವಾರ ಬೆಳಿಗ್ಗೆ

ಅಣ್ಣ, ನಿಮ್ಮ ಅನುಭವಕ್ಕೆ ದೊಡ್ಡ ನಮಸ್ಕಾರ. ಆದರೆ ಜಿಮ್ನಿಗೆ ಆಯಿಲ್ ಮಾತ್ರ ಬೇಡ. ಆ ಗಾಡಿಯ ಆಕ್ಸಲನ್ನು ಚಾಸಿಗೆ ಜೋಡಿಸುವ ಆರ್ಮ್‌ಗಳಲ್ಲಿ, ಪ್ಯಾನ್‌ಹಾರ್ಡ್ ರಾಡ್‌ನಲ್ಲಿ ಇರುವುದೆಲ್ಲ ರಬ್ಬರ್ ಬುಷ್, ಅಂದರೆ ಬೋಲ್ಟ್ ಸುತ್ತಲಿನ ರಬ್ಬರ್ ಬಳೆ. ಆಯಿಲ್, ಡೀಸೆಲ್, ಗ್ರೀಸ್ ತಾಗಿದರೆ ರಬ್ಬರ್ ಊದಿಕೊಂಡು ಮೆತ್ತಗಾಗುತ್ತದೆ. ಒಂದು ವಾರ ಸದ್ದು ನಿಲ್ಲುತ್ತದೆ, ಆಮೇಲೆ ಬುಷ್ಷೇ ಹೋಗುತ್ತದೆ. ನನ್ನ ಜಿಪ್ಸಿಯಲ್ಲಿ ನಾಲ್ಕೂ ಕಡೆ ಪ್ಲೇಟೇ. ಅದರಲ್ಲೂ ಪ್ಲೇಟ್ ತುದಿಯ ಕಣ್ಣಿನಲ್ಲಿ ರಬ್ಬರ್ ಬುಷ್ ಇರುವುದರಿಂದ ನಾನು ಆಯಿಲ್ ಬಿಟ್ಟು ವರ್ಷಗಳಾದವು. ಹಚ್ಚಲೇಬೇಕು ಅಂದರೆ ಸಿಲಿಕೋನ್ ಸ್ಪ್ರೇ.

ಕೊಡಚಾದ್ರಿ ಜೀಪು · ನಿಟ್ಟೂರು · ಮಂಗಳವಾರ ಮಧ್ಯಾಹ್ನ

ಹೌದು, ನಮ್ಮ ಜೀಪಿನಲ್ಲೂ ಬುಷ್ ಬೇಗ ಬೇಗ ಹೋಗ್ತದೆ. ಕಲ್ಲಿನ ದಾರಿಗೆ ಹಾಗೆ ಅಂತ ತಿಳಿದಿದ್ದೆ. ಮುಂದಿನ ಸಲ ಬುಷ್ ಹಾಕಿದಾಗ ಆಯಿಲ್ ಬಿಟ್ಟು ನೋಡ್ತೇನೆ.

ಶಾರ್ಜಾ ಕನ್ನಡಿಗ · ಶಾರ್ಜಾ · ಮಂಗಳವಾರ ಸಂಜೆ

ನಾನು ಪುತ್ತೂರಿನವನು, ಇಲ್ಲಿಗೆ ಬಂದು ಒಂಬತ್ತು ವರ್ಷ. ಇಲ್ಲಿ ಜಿಮ್ನಿ ತುಂಬಾ. ಶುಕ್ರವಾರ ಬದಾಯರ್ ಕಡೆ ಮರಳುಗುಡ್ಡಕ್ಕೆ ಹೋಗಿ ಬಂದರೆ ಶನಿವಾರ ಯಾರದ್ದಾದರೂ ಗಾಡಿ ಕಿರುಗುಟ್ಟುತ್ತಿರುತ್ತದೆ. ನಾವು ಮಾಡುವ ಮೊದಲ ಕೆಲಸ ಅಂದರೆ ಸ್ಪ್ರಿಂಗ್ ಕೂರುವ ಬಟ್ಟಲನ್ನು ಪೈಪ್ ನೀರಿನಿಂದ ತೊಳೆಯುವುದು. ಮರಳು ಅಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ನಿಮ್ಮ ಕಡೆ ಮರಳಲ್ಲ, ಜೇಡಿಮಣ್ಣು, ಜಲ್ಲಿ. ಸ್ಪ್ರಿಂಗ್‌ನ ಕೆಳಗಿನ ಸುತ್ತಿನ ನಡುವೆ ಒಂದು ಜಲ್ಲಿಕಲ್ಲು ಸಿಕ್ಕಿಕೊಂಡರೂ ಸಾಕು, ಎಲ್ಲರನ್ನೂ ಗೋಳಾಡಿಸುತ್ತದೆ.

ಇನ್ನೊಂದು ಉಪಾಯ. ಕಿರ್ ಕಿರ್ ಸದ್ದು ಯಾವ ಬುಷ್‌ನದ್ದು ಅಂತ ಗೊತ್ತಾಗದಿದ್ದರೆ ಒಂದೊಂದಕ್ಕೇ ನೀರು ಹಾಕಿ ಗಾಡಿ ಅಲ್ಲಾಡಿಸಿ. ಯಾವುದಕ್ಕೆ ನೀರು ಬಿದ್ದಾಗ ಸದ್ದು ನಿಲ್ಲುತ್ತದೋ ಅದೇ. ನೀರು ಒಣಗಿದ ಮೇಲೆ ಮತ್ತೆ ಶುರುವಾದರೆ ಅನುಮಾನವೇ ಬೇಡ.

ತೋಟದ ದಾರಿ · ಮೂಡಿಗೆರೆ · ಬುಧವಾರ ರಾತ್ರಿ

ಸಿಕ್ಕಿತು! ‘ಟಕ್’ ಸಿಕ್ಕಿತು. ಪ್ಯಾನ್‌ಹಾರ್ಡ್ ರಾಡ್, ಆಕ್ಸಲ್ ಕಡೆಯ ಬೋಲ್ಟ್. ಅಂಗೈ ಇಟ್ಟ ತಕ್ಷಣ ಚುರುಕ್ ಅಂತ ತಟ್ಟಿತು. ಸುತ್ತ ಕೆಂಪು ಪುಡಿ ಇತ್ತು, ನೀವು ಹೇಳಿದ ಹಾಗೇ. ಸ್ಪ್ಯಾನರ್ ಹಾಕಿದರೆ ಮುಕ್ಕಾಲು ಸುತ್ತು ಬಂತು. ತೂತು ಇನ್ನೂ ದುಂಡಗೇ ಇದೆ, ಪುಣ್ಯ. ಬೋಲ್ಟ್ ಮೈ ಮಾತ್ರ ಒಂದು ಕಡೆ ತಿಂದುಹೋಗಿದೆ, ಹೊಸದು ಆರ್ಡರ್ ಮಾಡಿದ್ದೇನೆ.

‘ಟಂಗ್’ ಹಾಗೇ ಇದೆ. ಬಟ್ಟಲು ತೊಳೆದೆ, ಒಂದು ಹಿಡಿ ಮಣ್ಣು ಬಂತು, ಕಲ್ಲು ಇರಲಿಲ್ಲ.

ಗ್ಯಾರೇಜ್ ಮೂಲೆ · ಹಾಸನ · ಬುಧವಾರ ರಾತ್ರಿ

ಬಹಳ ಸಂತೋಷ. ಈಗ ಸ್ಪ್ರಿಂಗ್ ಸರದಿ. ಒಂದು ಬಿಳಿ ಪೇಂಟ್ ಅಥವಾ ಮನೆಯಲ್ಲಿರುವ ನೇಲ್ ಪಾಲಿಷ್ ತಗೊಳ್ಳಿ. ಸ್ಪ್ರಿಂಗ್‌ನ ಕೆಳತುದಿಯಿಂದ ಬಟ್ಟಲಿನವರೆಗೆ ಒಂದು ನೇರ ಗೆರೆ ಎಳೆಯಿರಿ. ಮೇಲ್ಗಡೆಯೂ ಹಾಗೇ. ಎರಡು ದಿನ ತೋಟದಲ್ಲಿ ಓಡಿಸಿ ನೋಡಿ. ಗೆರೆ ಒಡೆದು ಬೇರೆ ಬೇರೆ ಆಗಿದ್ದರೆ ಸ್ಪ್ರಿಂಗ್ ಕೂತಲ್ಲಿ ಕೂತಿಲ್ಲ, ತಿರುಗುತ್ತಿದೆ. ಬಟ್ಟಲಿನಲ್ಲಿ ಸ್ಪ್ರಿಂಗ್ ತುದಿ ತಾಗಿ ನಿಲ್ಲಲು ಒಂದು ಮೆಟ್ಟಿಲು ಇರುತ್ತದೆ. ತುದಿ ಅದಕ್ಕೆ ತಾಗಿರಬೇಕು.

ಆಮೇಲೆ ಚಾಸಿಗೆ ಜಾಕ್ ಕೊಟ್ಟು, ಎರಡೂ ಕಡೆ ಸ್ಟ್ಯಾಂಡ್ ಇಟ್ಟು, ಮುಂದಿನ ಆಕ್ಸಲ್ ಪೂರ್ತಿ ಜೋತುಬೀಳುವ ಹಾಗೆ ಮಾಡಿ. ಸ್ಟ್ಯಾಂಡ್ ಇಲ್ಲದೆ ಜಾಕ್ ನಂಬಿ ಕೆಳಗೆ ಕೈ ಹಾಕಬೇಡಿ, ಕೈ ಮುಗಿದು ಕೇಳ್ತೀನಿ. ನಮ್ಮ ಕಡೆ ಒಬ್ಬ ಹುಡುಗ ಹಾಗೆ ಮಾಡಿ ಎರಡು ಬೆರಳು ಕಳಕೊಂಡಿದ್ದಾನೆ. ಆಕ್ಸಲ್ ಜೋತುಬಿದ್ದಾಗ ಸ್ಪ್ರಿಂಗ್ ಹಿಡಿದು ಅಲ್ಲಾಡಿಸಿ. ಕೈಯಲ್ಲಿ ಅಲ್ಲಾಡಿದರೆ ಕಳ್ಳ ಸಿಕ್ಕಿದ ಹಾಗೆ.

ತೋಟದ ದಾರಿ · ಮೂಡಿಗೆರೆ · ಶನಿವಾರ ಸಂಜೆ

ಅಲ್ಲಾಡುತ್ತದೆ. ಎಡಗಡೆ, ಬಲಗಡೆ ಎರಡೂ. ಕೈಯಲ್ಲಿ ಹಿಡಿದು ತಿರುಗಿಸಬಹುದು! ಎಡಗಡೆಯ ಗೆರೆ ಎರಡು ಬೆರಳು ಅಗಲ ಸರಿದಿದೆ, ತುದಿ ಮೆಟ್ಟಿಲಿನಿಂದ ದೂರ ಹೋಗಿದೆ. ಮೇಲಿನ ರಬ್ಬರ್ ಸೀಟ್ ಎಡಗಡೆ ಒಂದು ಅಂಚು ಹರಿದಿದೆ, ಸ್ಪ್ರಿಂಗ್ ಬರೀ ಕಬ್ಬಿಣಕ್ಕೆ ತಾಗುತ್ತಿದೆ. ಲಿಫ್ಟ್ ಸ್ಪ್ರಿಂಗ್ ಉದ್ದವೇ ಇರುತ್ತದಲ್ವಾ, ಯಾಕೆ ಲೂಸ್ ಆಗುತ್ತದೆ? ಇದು ಅರ್ಥವಾಗುತ್ತಿಲ್ಲ.

ಲೆಕ್ಕದ ಮೇಷ್ಟ್ರು · ಮೈಸೂರು · ಶನಿವಾರ ರಾತ್ರಿ

ಇಷ್ಟು ದಿನ ಓದುತ್ತಾ ಇದ್ದೆ. ಇದು ನನ್ನ ಇಷ್ಟದ ಜಾಗ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಲೆಕ್ಕಕ್ಕೆ ಒಂದು ಮುಂದಿನ ಸ್ಪ್ರಿಂಗ್ ಮೇಲೆ 250 ಕೆ.ಜಿ. ಭಾರ ಇದೆ ಅನ್ನಿ. ಸ್ಪ್ರಿಂಗ್ ಮೃದು ಇದ್ದು, 1 ಮಿ.ಮೀ. ಕುಗ್ಗಲು 2 ಕೆ.ಜಿ. ಬೇಕು ಅಂದರೆ, ಗಾಡಿ ನಿಂತಾಗ ಅದು 125 ಮಿ.ಮೀ. ಕುಗ್ಗಿರುತ್ತದೆ. ಈಗ ಗಡಸು ಸ್ಪ್ರಿಂಗ್ ಹಾಕಿ, 1 ಮಿ.ಮೀ.ಗೆ 2.5 ಕೆ.ಜಿ. ಬೇಕಾದದ್ದು. ಅದು ಕುಗ್ಗುವುದು 100 ಮಿ.ಮೀ. ಮಾತ್ರ. ಚಕ್ರ ಹಳ್ಳಕ್ಕೆ ಇಳಿದಾಗ ಸ್ಪ್ರಿಂಗ್ ಹಿಗ್ಗುತ್ತದೆ ಅಲ್ವಾ? ಎಷ್ಟು ಕುಗ್ಗಿತ್ತೋ ಅಷ್ಟೇ ಹಿಗ್ಗಬಲ್ಲದು, ಅದಕ್ಕಿಂತ ಜಾಸ್ತಿ ಇಲ್ಲ. ಉದ್ದದ ಶಾಕ್ ಆಕ್ಸಲ್‌ಗೆ 115 ಮಿ.ಮೀ. ಕೆಳಗೆ ಹೋಗಲು ಬಿಟ್ಟರೆ, 100ಕ್ಕೆ ಸ್ಪ್ರಿಂಗ್ ಮುಗಿಯಿತು. ಉಳಿದ 15 ಮಿ.ಮೀ. ಅದು ಬಟ್ಟಲಿನಲ್ಲಿ ಸುಮ್ನೆ ನಿಂತಿರುತ್ತದೆ. ಆ ಹೊತ್ತಿನಲ್ಲಿ ಸ್ವಲ್ಪ ತಿರುಗುತ್ತದೆ. ಚಕ್ರ ಮೇಲೆ ಬಂದಾಗ ಬೇರೆ ಜಾಗದಲ್ಲಿ ಕೂತು, ಭಾರ ಬಿದ್ದ ಮೇಲೆ ಜಾರುತ್ತದೆ. ಆ ಜಾರುವುದೇ ನಿಮ್ಮ ‘ಟಂಗ್’. ಓರೆಯಾಗಿ ಚರಂಡಿ ದಾಟುವಾಗಲೇ ಯಾಕೆ ಬರುತ್ತದೆ ಅಂದರೆ, ಆಗಲೇ ಒಂದು ಚಕ್ರ ಪೂರ್ತಿ ಜೋತುಬೀಳುವುದು.

ಒಂದು ಕೇಳಬೇಕು. ಮುಂದೆ ವಿಂಚ್ (ಗಾಡಿ ಎಳೆಯುವ ಹಗ್ಗದ ಯಂತ್ರ), ಕಬ್ಬಿಣದ ಬಂಪರ್ ಏನಾದರೂ ಇದೆಯಾ?

ತೋಟದ ದಾರಿ · ಮೂಡಿಗೆರೆ · ಶನಿವಾರ ರಾತ್ರಿ

ಇಲ್ಲ ಮೇಷ್ಟ್ರೇ. ಕಂಪನಿಯ ಬಂಪರೇ ಇದೆ. ಆದರೆ ಕಿಟ್ ಡಬ್ಬಿಯ ಮೇಲೆ ಮುಂದಿನ ಸ್ಪ್ರಿಂಗ್‌ಗೆ ‘40ರಿಂದ 80 ಕೆ.ಜಿ. ಹೆಚ್ಚಿನ ಭಾರಕ್ಕೆ’ ಅಂತ ಬರೆದಿತ್ತು. ಗಟ್ಟಿ ಇದ್ದರೆ ಒಳ್ಳೆಯದಲ್ವಾ ಅಂದುಕೊಂಡೆ.

ಲೆಕ್ಕದ ಮೇಷ್ಟ್ರು · ಮೈಸೂರು · ಶನಿವಾರ ರಾತ್ರಿ

ಅಲ್ಲೇ ಇದೆ ಉತ್ತರ. ವಿಂಚ್ ಹೊರುವ ಗಾಡಿಗೆ ಮಾಡಿದ ಸ್ಪ್ರಿಂಗ್ ಅದು. ಆ ಭಾರ ಇದ್ದರೆ ಇನ್ನಷ್ಟು ಕುಗ್ಗಿ ಸರಿಯಾಗಿ ಕೂರುತ್ತಿತ್ತು. ನಿಮ್ಮ ಗಾಡಿ ಹಗುರ. ಮುಂದಿನ ಭಾಗ 2 ಇಂಚಿಗಿಂತ ಜಾಸ್ತಿ ಎದ್ದಿರಬೇಕು, ಅಳೆದು ನೋಡಿ.

ಅಳೆಯುವಾಗ ಆಕ್ಸಲ್ ಒಂದು ಬದಿಗೆ ಸರಿದಿದೆಯಾ ಅಂತಲೂ ನೋಡಿ. ಗಾಡಿ ಎತ್ತರವಾದರೆ ಪ್ಯಾನ್‌ಹಾರ್ಡ್ ರಾಡ್ ಹೆಚ್ಚು ಓರೆಯಾಗುತ್ತದೆ. 900 ಮಿ.ಮೀ. ಉದ್ದದ ರಾಡ್‌ನ ಎರಡು ತುದಿಗಳ ಎತ್ತರದ ವ್ಯತ್ಯಾಸ 60ರಿಂದ 110 ಮಿ.ಮೀ.ಗೆ ಹೋಯಿತು ಅನ್ನಿ. ಅಡ್ಡಳತೆ ಸುಮಾರು 5 ಮಿ.ಮೀ. ಕಡಿಮೆಯಾಗುತ್ತದೆ, ಆಕ್ಸಲ್ ಅಷ್ಟು ಪಕ್ಕಕ್ಕೆ ಬರುತ್ತದೆ. ಗಾರೆ ಕೆಲಸದವರ ತೂಗುಗುಂಡನ್ನು ಎರಡೂ ಕಡೆ ಮಡ್‌ಗಾರ್ಡ್ ಅಂಚಿನಿಂದ ಇಳಿಬಿಟ್ಟು ಟೈರಿಗೆ ಎಷ್ಟು ದೂರ ಅಂತ ನೋಡಿದರೆ ಸಾಕು.

ಹಳೇ ಜಿಪ್ಸಿ · ಬೆಂಗಳೂರು · ಭಾನುವಾರ ಬೆಳಿಗ್ಗೆ

ಸ್ಟೀರಿಂಗ್ ನೇರ ಇದೆಯಾ ಅಂತಲೂ ಹೇಳಿ. ಲಿಫ್ಟ್ ಆದ ಮೇಲೆ ಡ್ರ್ಯಾಗ್ ಲಿಂಕ್ ಸರಿಹೊಂದಿಸದಿದ್ದರೆ ನೇರ ರಸ್ತೆಯಲ್ಲೂ ಸ್ಟೀರಿಂಗ್ ಓರೆ ನಿಲ್ಲುತ್ತದೆ, ಕೆಲವು ಸಲ ಇಎಸ್‌ಪಿ (ಗಾಡಿ ಜಾರದಂತೆ ತಡೆಯುವ ವ್ಯವಸ್ಥೆ) ದೀಪವೂ ಹತ್ತುತ್ತದೆ. ಬ್ರೇಕ್ ಪೈಪ್ ಮತ್ತು ಎಬಿಎಸ್ ವೈರ್ ಆಕ್ಸಲ್ ಜೋತುಬಿದ್ದಾಗ ಬಿಗಿಯಾಗಿ ಎಳೆದುಕೊಂಡಿರಬಾರದು. ಸದ್ದಿಗಿಂತ ಇದು ದೊಡ್ಡ ವಿಷಯ. ಹೆಡ್‌ಲೈಟ್ ಕೂಡ ಕೆಳಗೆ ಇಳಿಸಿಕೊಳ್ಳಿ, ಚಾರ್ಮಾಡಿ ಘಾಟಿಯಲ್ಲಿ ಎದುರು ಬರುವವರ ಕಣ್ಣಿಗೆ ನೇರ ಹೊಡೆಯುತ್ತದೆ.

ಕಾನೂನಿನ ಮಾತೂ ಹೇಳಿಬಿಡುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಆರ್‌ಸಿ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಲಿಫ್ಟ್ ಮಾಡಿಸುವ ಪ್ರತಿಯೊಬ್ಬರೂ ಇದನ್ನು ಮೊದಲೇ ತಿಳಿದಿರಬೇಕು.

ತೋಟದ ದಾರಿ · ಮೂಡಿಗೆರೆ · ಭಾನುವಾರ ಮಧ್ಯಾಹ್ನ

ಮುಂದೆ 68 ಮಿ.ಮೀ. ಎದ್ದಿದೆ! ಹಿಂದೆ 52. ಆಕ್ಸಲ್ 6 ಮಿ.ಮೀ. ಸರಿದಿದೆ. ಸ್ಟೀರಿಂಗ್ ಸ್ವಲ್ಪ ಓರೆ ಇತ್ತು, ನನಗೆ ಅಭ್ಯಾಸ ಆಗಿಹೋಗಿತ್ತು. ಬ್ರೇಕ್ ಪೈಪ್ ಸಡಿಲವಾಗೇ ಇದೆ.

ನಾಳೆ ಈ ಅಳತೆಗಳನ್ನೆಲ್ಲ ಬರೆದುಕೊಂಡು ಕಿಟ್ ಹಾಕಿದವರ ಹತ್ತಿರ ಹೋಗುತ್ತೇನೆ.

ಗ್ಯಾರೇಜ್ ಮೂಲೆ · ಹಾಸನ · ಭಾನುವಾರ ಸಂಜೆ

ಹೋಗುವಾಗ ಒಂದು ಮಾತು ಖಂಡಿತ ಹೇಳಿ. ಆರ್ಮ್ ಮತ್ತು ಪ್ಯಾನ್‌ಹಾರ್ಡ್ ಬೋಲ್ಟ್‌ಗಳ ಕೊನೆಯ ಬಿಗಿ ಗಾಡಿ ನೆಲದ ಮೇಲೆ ನಿಂತಾಗಲೇ ಆಗಬೇಕು. ಗ್ಯಾರೇಜಿನಲ್ಲಿ ಗಾಡಿ ಮೇಲೆತ್ತಿ ಆಕ್ಸಲ್ ಜೋತುಬಿದ್ದಿರುವಾಗ ಬಿಗಿ ಮಾಡಿದರೆ, ಬುಷ್‌ನ ಒಳಗಿನ ಕೊಳವೆ ಅದೇ ಭಂಗಿಯಲ್ಲಿ ಹಿಡಿದುಕೊಳ್ಳುತ್ತದೆ. ಗಾಡಿ ಕೆಳಗಿಳಿಸಿದ ತಕ್ಷಣ ರಬ್ಬರ್ ತಿರುಚಿಕೊಳ್ಳುತ್ತದೆ. ಬಟ್ಟೆ ಹಿಂಡಿ ಹಾಗೇ ಹಿಡಿದಂತೆ. ಇಡೀ ದಿನ ಅದೇ ಸ್ಥಿತಿ. ಕಿರುಗುಟ್ಟುತ್ತದೆ, ಬೇಗ ಹರಿಯುತ್ತದೆ. ಅರ್ಧಕ್ಕರ್ಧ ಲಿಫ್ಟ್ ಗಾಡಿಗಳಲ್ಲಿ ನಾನು ನೋಡುವ ತಪ್ಪು ಇದೇ. ಎಷ್ಟು ಬಿಗಿ ಅಂತ ಸರ್ವಿಸ್ ಪುಸ್ತಕದಲ್ಲಿ ಇರುತ್ತದೆ, ಬಿಗಿ ಅಳೆಯುವ ಟಾರ್ಕ್ ವ್ರೆಂಚ್‌ನಲ್ಲೇ ಮಾಡಲಿ.

ತೋಟದ ದಾರಿ · ಮೂಡಿಗೆರೆ · ಹನ್ನೆರಡು ದಿನದ ನಂತರ

ತಡವಾಯಿತು, ಮಳೆ, ಕರೆಂಟ್ ಇರಲಿಲ್ಲ.

ಅಳತೆಯ ಹಾಳೆ ಕೊಟ್ಟ ಮೇಲೆ ಅವರು ಮರುಮಾತಾಡಲಿಲ್ಲ. ಹಗುರ ಭಾರದ ಮುಂದಿನ ಸ್ಪ್ರಿಂಗ್ ಬದಲಿ ಕೊಟ್ಟರು, ಹಳೆಯದು ವಾಪಸ್ ತಗೊಂಡರು. ಮೇಲಿನ ರಬ್ಬರ್ ಸೀಟ್ ಎರಡೂ ಹೊಸದು. ಉದ್ದ ಹೆಚ್ಚುಕಡಿಮೆ ಮಾಡಬಹುದಾದ ಪ್ಯಾನ್‌ಹಾರ್ಡ್ ರಾಡ್ ನನ್ನ ಖರ್ಚಿನಲ್ಲಿ ಹಾಕಿಸಿದೆ, ಆಕ್ಸಲ್ ನಡುವಿಗೆ ಬಂತು. ಡ್ರ್ಯಾಗ್ ಲಿಂಕ್ ಸರಿಮಾಡಿ ಸ್ಟೀರಿಂಗ್ ನೇರ ಆಯಿತು. ಈಗ ಮುಂದೆ 51 ಮಿ.ಮೀ. ಜೋತುಬಿಟ್ಟು ಸ್ಪ್ರಿಂಗ್ ಅಲ್ಲಾಡಿಸಿ ನೋಡಿದೆ, ಅಲುಗಲಿಲ್ಲ.

ಆದರೆ ಎರಡು ದಿನ ಬಿಟ್ಟು ಬೆಳಿಗ್ಗೆ ಹೊತ್ತು ಕಿರ್ ಕಿರ್ ಶುರುವಾಯಿತು. ಹೊಟ್ಟೆಗೆ ಕಲ್ಲು ಹಾಕಿದ ಹಾಗಾಯಿತು. ಶಾರ್ಜಾದವರ ನೀರಿನ ಉಪಾಯ ಮಾಡಿದೆ. ಬಲಗಡೆ ಆರ್ಮ್‌ನ ಹಿಂದಿನ ಬುಷ್‌ಗೆ ಚೊಂಬಿನಿಂದ ನೀರು ಹಾಕಿದ ಕೂಡಲೇ ನಿಂತಿತು. ಆ ಒಂದು ಬೋಲ್ಟನ್ನು ಗಾಡಿ ಮೇಲೆ ಎತ್ತಿದ್ದಾಗಲೇ ಬಿಗಿ ಮಾಡಿದ್ದರಂತೆ. ಅಂಗಳದಲ್ಲೇ ಸಡಿಲಿಸಿ, ಡ್ರೈವರ್ ಬಂಪರ್ ಮೇಲೆ ನಿಂತು ನಾಲ್ಕು ಸಲ ಕುಣಿದ, ಆಮೇಲೆ ಬಿಗಿ ಮಾಡಿದೆವು. ಹೋಯಿತು.

ನಿನ್ನೆ ಸಂಜೆ ಚರಂಡಿ ದಾಟಿ ಅಂಗಳಕ್ಕೆ ಬಂದು ನಿಲ್ಲಿಸಿದೆ. ಅಮ್ಮ ಒಳಗಿಂದ ಬರಲೇ ಇಲ್ಲ. ಕೂಗಿ ಕರೆದೆ.

ಕೊಡಚಾದ್ರಿ ಜೀಪು · ನಿಟ್ಟೂರು · ಮರುದಿನ

ಭಾರಿ ಖುಷಿ ಆಯ್ತು ಮಾರಾಯ್ರೇ. 100 ಕಿ.ಮೀ. ಆದ ಕೂಡಲೇ ಎಲ್ಲ ಬೋಲ್ಟಿಗೆ ಮತ್ತೊಮ್ಮೆ ಸ್ಪ್ಯಾನರ್ ಕೊಡಿ, ಮರೀಬೇಡಿ.

ತೋಟದ ದಾರಿ · ಮೂಡಿಗೆರೆ · ಮರುದಿನ

ಈಗ 84 ಆಗಿದೆ ಅಣ್ಣ. ನಾಳೆ ಸಂತೆಗೆ ಹೋಗಿ ಬಂದರೆ ನೂರು ದಾಟುತ್ತದೆ. ಬಂದ ಕೂಡಲೇ ನೋಡುತ್ತೇನೆ.